ಒಂದೂವರೆ ಚಮಚ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಭಾವನ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಗ್ಯಾರೇಜಿನ ದರ್ಶನವಾಗಬೇಕು. ನಾನು ಹೋದ ದಿನ ಸೂಟ್‌ಕೇಸು ಇನ್ನೂ ಡಿಕ್ಕಿಯಲ್ಲೇ ಇತ್ತು. "ಬಾರಯ್ಯ, ಒಂದು ತೋರಿಸ್ತೀನಿ" ಎಂದವರೇ 1990ರ ಮಾಡೆಲಿನ ಕೆಂಪು ಮಾಜ್ದಾ ಮಿಯಾಟಾದ ಬಾನೆಟ್ ಎತ್ತಿ, ಒಳಗಿಂದ ಸಣ್ಣದೊಂದು ಡಬ್ಬಿ ಬಿಚ್ಚಿ ಬೆಳಕಿಗೆ ಹಿಡಿದರು. ತಳದಲ್ಲಿ ಹಾಲು ಜಾಸ್ತಿಯಾದ ಕಾಫಿಯಂಥದ್ದೇನೋ, ಒಂದೂವರೆ ಚಮಚ. ಲ್ಯಾಬಿಗೆ ಕೊಡುವ ಸ್ಯಾಂಪಲ್ ಇರಬಹುದೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಮೂರು ತಿಂಗಳದ್ದು!" ಎಂದರು ಭಾವ. ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸು ಹೇಳುವಾಗಲೂ ಆ ಮುಖ ಅಷ್ಟು ಅರಳಿರಲಿಲ್ಲ.

ಪಿಸ್ಟನ್ ರಿಂಗು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಗ್ಯಾಸು ಸಂದಿಯಲ್ಲಿ ನುಸುಳಿ ಕೆಳಗೆ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದಂತೆ. ಅದಕ್ಕೆ ದಾರಿ ಕೊಡದಿದ್ದರೆ ಒತ್ತಡ ಕಟ್ಟಿ ಸೀಲುಗಳು ಸೋರುತ್ತವೆ. ಹಿಂದಿನವರು ಅದನ್ನು ಕೊಳವೆಯಲ್ಲಿ ಸೀದಾ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸಿನವರ ಕಣ್ಣು ಉರಿದು ಉರಿದು, ಕೊನೆಗೆ 1961ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾರುಗಳಿಗೆ ಕಟ್ಟು ಮಾಡಿತು: ನಿನ್ನ ಹೊಗೆ ನೀನೇ ಕುಡಿ. ಕುಡಿಸುವ ಕೆಲಸ ಪಿಸಿವಿ ವಾಲ್ವಿನದು. ಹೆಬ್ಬೆರಳಿನಷ್ಟು ತುಂಡು, ಒಳಗೊಂದು ಸ್ಪ್ರಿಂಗು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಟಿಕಟಿಕ ಅಂದರೆ ಚೆನ್ನಾಗಿದೆ ಅಂತ ಲೆಕ್ಕ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ವಿದ್ಯೆ ಅಲ್ಲೂ ನಡೆಯುತ್ತದೆ.

"ನಿಮ್ಮ ಕುಕ್ಕರಿನ ವೆಯ್ಟ್ ಇದ್ದ ಹಾಗೆ" ಎಂದು ಭಾವ ಸುಲಭ ಮಾಡಿ ಹೇಳಿದರು.

"ಆ ಕುಕ್ಕರಿನ ಗ್ಯಾಸ್ಕೆಟ್ ಹೋಗಿ ಎರಡು ತಿಂಗಳಾಯ್ತು" ಎಂದು ಒಳಗಿನಿಂದ ಅಕ್ಕನ ದನಿ ಬಂತು.

ಭಾವನ ವಾಲ್ವು ಟಿಕಟಿಕ ಅನ್ನುತ್ತಲೇ ಇತ್ತು. ಸರಿಯಾಗಿರುವುದನ್ನು ಸುಮ್ಮನೆ ಬಿಟ್ಟರೆ ಅವರು ಭಾವ ಹೇಗಾದಾರು? ಮೈಸೂರಿನಲ್ಲಿದ್ದಾಗ ಇವರೇ ನಮ್ಮೂರಿನ ಯೆಜ್ಡಿಯ ಕಾರ್ಬುರೇಟರ್ ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಜೋಡಿಸಿದ ಮೇಲೆ ಯಾವಾಗಲೂ ಒಂದು ಸ್ಕ್ರೂ ಉಳಿಯುತ್ತಿತ್ತು. ಈಗ ಗ್ಯಾಸಿನ ಜೊತೆ ಆಯಿಲಿನ ಹನಿಯೂ ಎಂಜಿನ್ನಿನ ಬಾಯಿಗೆ ಹೋಗುತ್ತದೆಂಬ ಚಿಂತೆ ಹತ್ತಿ, ನಡುವೆ ಆ ಡಬ್ಬಿ ಕೂರಿಸಿದ್ದಾರೆ. ಹನಿ ಹಿಡಿಯಲು ಒಳಗೆ ತುಂಬಿದ್ದು ಅಕ್ಕ ಪಾತ್ರೆ ತಿಕ್ಕಲು ಇಟ್ಟಿದ್ದ ಸ್ಟೀಲ್ ನಾರು. ಮೊದಲು ಮಾಮೂಲಿ ರಬ್ಬರ್ ಪೈಪು ಹಾಕಿದ್ದರಂತೆ. ಎಂಜಿನ್ ಎಳೆದ ಎಳೆತಕ್ಕೆ ಅದು ಚಪ್ಪಟೆಯಾಗಿ ಒಂದು ಕಡೆ ಸೀಳಿತು, ಕಳ್ಳಗಾಳಿ ನುಗ್ಗಿ ಕಾರು ನಿಂತಲ್ಲೇ ದಮ್ಮಿನ ರೋಗಿಯ ಹಾಗೆ ಏದುಸಿರು ಬಿಟ್ಟಿತು. ಭಾವ ಸ್ವಂತ ಬಿಪಿ ಮಾತ್ರೆ ಮರೆಯುವವರು. ಅವತ್ತು ಮಾತ್ರ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ.

ಇಷ್ಟೆಲ್ಲ ಆದರೂ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಬರುತ್ತದೆ. ಅಲ್ಲಿ ಬಾನೆಟ್ ಎತ್ತಿ ಪಿಸಿವಿಯನ್ನೂ ನೋಡುತ್ತಾರೆ, ಕಂಪನಿ ಕೊಟ್ಟದ್ದು ಕೊಟ್ಟ ಹಾಗೇ ಇರಬೇಕು. ಹಿಂದಿನ ರಾತ್ರಿ ಭಾವ ಡಬ್ಬಿ ಇಳಿಸಿ, ಹಳೇ ಪೈಪು ಏರಿಸಿ, ಮಡಿ ಉಟ್ಟವರಂತೆ ಹೋಗುತ್ತಾರೆ. ಪಾಸಾಗಿ ಬಂದ ಸಂಜೆಯೇ ಮೈಲಿಗೆ.

ನಾನು ಗ್ಯಾರೇಜಿನಿಂದ ಬಿಡುಗಡೆಯಾಗುವ ಹೊತ್ತಿಗೆ ಅಕ್ಕ ಸಾರಿಗೆ ಒಗ್ಗರಣೆ ಹಾಕಿದಳು. ಒಣಮೆಣಸಿನಕಾಯಿ ಘಾಟು ಏಳುತ್ತಲೇ ಸೂರಿನ ಅಲಾರಂ ಕೂಗಿಕೊಂಡಿತು. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಯುಗಾದಿಯಿಂದ ಸತ್ತಿದೆಯಂತೆ. ನಾನು ಟವೆಲ್ ಬೀಸಿದೆ, ಕಿಟಕಿ ತೆಗೆದೆ, ಕೆಮ್ಮಿದೆ. ಭಾವ ಡಬ್ಬಿ ಹಿಡಿದೇ ಓಡಿ ಬಂದರು.

"ಈ ಹೊಗೆಗೂ ಒಂದು ಡಬ್ಬಿ ಇಟ್ಟುಬಿಡಿ" ಎಂದಳು ಅಕ್ಕ.

ಭಾವ ನಗಲಿಲ್ಲ. ತಲೆಯೆತ್ತಿ ಚಿಮಣಿಯನ್ನೇ ನೋಡಿದರು. ಕಣ್ಣಲ್ಲಿ ಯೆಜ್ಡಿ ಕಾಲದ ಹೊಳಪು.

"ಮೇಲಿನ ಪೈಪು ಎಷ್ಟು ಇಂಚಿಂದು?" ಎಂದು ಕೇಳಿದರು.

ಅಕ್ಕ ಹೊಸ ಸ್ಟೀಲ್ ನಾರಿನ ಪೊಟ್ಟಣವನ್ನು ಮೆಲ್ಲಗೆ ಅಕ್ಕಿ ಡಬ್ಬದೊಳಗೆ ಹುದುಗಿಸಿಟ್ಟಳು.