ಅರ್ಧಕ್ಕ ಮುಗಿಸ್ರಿ

ಹರಿಶ್ಚಂದ್ರನ ಕಥೆ ಕೇಳಿ ಅತ್ತವರಲ್ಲಿ ನಾನೂ ಒಬ್ಬ. ಈಚೆಗೆ ಮಾತ್ರ, ಸಾಲ ತೀರಿಸುವ ವಿಷಯದಲ್ಲಿ ಅವನಿಂದ ಕಲಿಯಬೇಕಾದ್ದು ಏನೂ ಇಲ್ಲ ಅನ್ನಿಸತೊಡಗಿದೆ. ಆನೆಯ ಮೇಲೆ ನಿಂತು ಕವಡೆ ಚಿಮ್ಮಿದರೆ ಎಷ್ಟು ಎತ್ತರ ಹೋಗುತ್ತದೋ ಅಷ್ಟೆತ್ತರದ ಹೊನ್ನಿನ ರಾಶಿ ಅವನ ಬಾಕಿ. ಆನೆ ಯಾರು ತರಬೇಕು, ಚಿಮ್ಮುವವನ ತೋಳು ಎಂಥದ್ದಿರಬೇಕು ಎಂದು ಒಂದು ಮಾತು ಕೇಳಲಿಲ್ಲ ಪುಣ್ಯಾತ್ಮ. ಮರಿಯಾನೆ ನಾನೇ ತರುತ್ತೇನೆ ಎಂದಿದ್ದರೆ ಬಾಕಿ ಅಲ್ಲೇ ಅರ್ಧ ಇಳಿಯುತ್ತಿತ್ತು. ವಿಶ್ವಾಮಿತ್ರರು ತಾವಾಗಿ ಒಂದು ಆಫರ್ ಕೂಡ ಇಟ್ಟರು: ಗಾನರಾಣಿಯರನ್ನು ಮದುವೆಯಾಗು, ಎಲ್ಲ ವಾಪಸ್. ಅದಕ್ಕೂ ಒಪ್ಪಲಿಲ್ಲ. ರಾಘವಾಂಕ ಅವನನ್ನು ಸತ್ಯವಂತ ಎಂದ. ನಮ್ಮ ವಕೀಲ ಮಿತ್ರರು ಅವನನ್ನು ‘ವ್ಯವಹಾರ ಗೊತ್ತಿಲ್ಲದ ಪಾರ್ಟಿ’ ಎನ್ನುತ್ತಾರೆ.

ಆದರೆ ವಿಶ್ವಾಮಿತ್ರರು ವಸೂಲಿಗೆಂದು ಬೆನ್ನಿಗೆ ಬಿಟ್ಟ ನಕ್ಷತ್ರಕನ ಕಾಟ ಎಂದರೇನು ಎಂಬುದು ನನಗೆ ಹರಿಶ್ಚಂದ್ರನಷ್ಟೇ ಚೆನ್ನಾಗಿ ಗೊತ್ತು. ಈಗಿನ ನಕ್ಷತ್ರಕರಿಗೆ ಒಂದು ಕಟ್ಟುಪಾಡು ಇದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಸಾಲಗಾರನಿಗೆ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿದೆ. ನನ್ನ ಪಾಲಿಗೆ ಬಂದ ಹುಡುಗ ಆ ಸುತ್ತೋಲೆಯನ್ನು ಶ್ರದ್ಧೆಯಿಂದ ಓದಿಕೊಂಡಿದ್ದಿರಬೇಕು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಶುರು ಮಾಡಿ ಸಂಜೆ ಏಳಕ್ಕೆ ಇನ್ನೇನು ಗಂಟೆ ಬಾರಿಸಬೇಕು ಎನ್ನುವಾಗ ಕೊನೆಯ ಕರೆ ಮಾಡುತ್ತಿದ್ದ. ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಸೆಲ್ ಹಾಕುವುದನ್ನೇ ಬಿಟ್ಟುಬಿಟ್ಟೆವು.

ಸಾಲ ಹೇಗಾಯಿತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸ್ವಾರಸ್ಯವಿಲ್ಲ. ಧಾರವಾಡದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಮದುವೆ, ಮುಂಜಿವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಹೀಗೆ ಮನುಷ್ಯಜನ್ಮದ ಮುಖ್ಯ ಘಟ್ಟಗಳೆಲ್ಲ ನಮ್ಮಲ್ಲಿ ನೂರಕ್ಕೆ ಇಂತಿಷ್ಟು ಎಂಬ ದರದಲ್ಲಿ ಸಿಗುತ್ತವೆ. 2020ರಲ್ಲಿ ಸರ್ಕಾರ ಮದುವೆಗೆ 50 ಜನ ಸಾಕು ಎಂದಿತು. ಐವತ್ತು ಜನಕ್ಕೆ ಯಾರು ಕಾರ್ಡು ಹೊಡೆಸುತ್ತಾರೆ? ವಾಟ್ಸಾಪಿನಲ್ಲಿ ಗಣಪತಿಯ ಚಿತ್ರ ಹಾಕಿ ಕಳಿಸಿ ಮದುವೆ ಮಾಡಿಕೊಂಡರು. ಕಾಗದದ ವ್ಯಾಪಾರಿಗೆ, ಮಷಿನ್ ರಿಪೇರಿಗೆ, ಇಬ್ಬರು ಹುಡುಗರ ಪಗಾರಕ್ಕೆ ಎಂದು ಕ್ರೆಡಿಟ್ ಕಾರ್ಡು ಉಜ್ಜಿದೆ. ಆ ವರ್ಷ ಮಾರ್ಚಿನಿಂದ ಆಗಸ್ಟಿನ ತನಕ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕು ಅಭಯ ಕೊಟ್ಟಿತು. ರಜೆ ಕಂತಿಗೆ ಮಾತ್ರ, ಬಡ್ಡಿಗಲ್ಲ. ಇಡೀ ದೇಶ ಮನೆಯಲ್ಲಿ ಕೂತಾಗ ನಮ್ಮ ಊರಿನಲ್ಲಿ ಭಾನುವಾರವೂ ಕೆಲಸಕ್ಕೆ ಹೋದದ್ದು ಅದೊಂದೇ. ತಿಂಗಳಿಗೆ ಮೂರೂವರೆ ಪರ್ಸೆಂಟು ಬಡ್ಡಿ, ಆ ಬಡ್ಡಿಗೆ 18 ಪರ್ಸೆಂಟು ಜಿಎಸ್‌ಟಿ, ಇವೆರಡರ ಮೇಲೆ ಮತ್ತೆ ಬಡ್ಡಿ. ₹1,18,000 ಇದ್ದದ್ದು ನೋಡನೋಡುತ್ತ ₹3,05,000 ಆಗಿ ನಿಂತಿತು.

ನಮ್ಮ ಅಜ್ಜನ ಕಾಲದಲ್ಲಿ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಸೀಮೆಯಲ್ಲಿ ದಾಮದುಪ್ಪಟ್ ಎಂಬ ಹಿಂದೂ ಕಾನೂನಿನ ಕಟ್ಟಳೆ ನಡೆಯುತ್ತಿತ್ತು. ಬಡ್ಡಿ ಎಷ್ಟೇ ಬೆಳೆದಿರಲಿ, ಒಂದು ಸಲಕ್ಕೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರುವಂತಿಲ್ಲ. ನೂರು ಕೊಟ್ಟವನಿಗೆ ಇನ್ನೂರರ ಮೇಲೆ ಕವಡೆ ಹುಟ್ಟುವುದಿಲ್ಲ. ಇದರ ಬೇರು ಮನುಸ್ಮೃತಿಯಲ್ಲೇ ಇದೆ. ಮನುವಿನ ಜೊತೆ ನನ್ನ ತಕರಾರುಗಳು ಬೇಕಾದಷ್ಟಿವೆ, ಆದರೆ ಕ್ರೆಡಿಟ್ ಕಾರ್ಡಿನ ಇಲಾಖೆಯನ್ನು ಅವನ ಕೈಗೆ ಕೊಡುವುದಾದರೆ ನನ್ನ ಅಭ್ಯಂತರವಿಲ್ಲ. ಈ ಪಾಯಿಂಟನ್ನು ನಮ್ಮ ನಕ್ಷತ್ರಕನ ಮುಂದೆ ಇಟ್ಟೆ. “ದಾಮದುಪ್ಪಟ್ ಪ್ರಕಾರ ನಾನು ಕೊಡೋದು ಎರಡು ಲಕ್ಷ ಮೂವತ್ತಾರು ಸಾವಿರದ ಮ್ಯಾಲ ಒಂದ್ ರೂಪಾಯಿ ಇಲ್ಲ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಆ ಆ್ಯಪ್‌ನಾಗ ಪೇಮೆಂಟ್ ಬರಂಗಿಲ್ರಿ ಸರ. ಗೂಗಲ್ ಪೇ ಇದ್ರ ಮಾಡ್ರಿ.”

ಸಾಲಕ್ಕೂ ಒಂದು ವಯಸ್ಸಿದೆ ಎಂಬುದು ಆಮೇಲೆ ತಿಳಿಯಿತು. ಹೊಸತರಲ್ಲಿ ಒಂದು ರೂಪಾಯಿ ಬಿಡುವುದಿಲ್ಲ. 90 ದಿನ ಕಂತು ತಪ್ಪಿದರೆ ಬ್ಯಾಂಕಿನವರು ಅದನ್ನು ಎನ್‌ಪಿಎ ಎಂದು ಬರೆದುಕೊಳ್ಳಬೇಕು, ಬರೆದುಕೊಂಡ ಮೇಲೆ ಆ ನಷ್ಟಕ್ಕೆಂದು ತಮ್ಮ ಲಾಭದಿಂದ ಹಣ ತೆಗೆದಿಡಬೇಕು, ಸಾಲ ಹಳತಾದಷ್ಟೂ ಹೆಚ್ಚು ತೆಗೆದಿಡಬೇಕು. ಹೀಗೆ ಒಂದು ದಿನ ನಿಮ್ಮ ಸಾಲ ಅವರ ಪುಸ್ತಕದಲ್ಲಿ ತೀರಿಕೊಳ್ಳುತ್ತದೆ. ಆಮೇಲೆ ಬಂದದ್ದೆಲ್ಲ ಬಂದ ಭಾಗ್ಯ. ಆಗ ಹೆದರಿಸುತ್ತಿದ್ದ ದನಿಗಳೆಲ್ಲ ಮೆತ್ತಗಾಗಿ ಓಟಿಎಸ್ ಎಂಬ ಮಾತು ಬರುತ್ತದೆ: ಒನ್ ಟೈಮ್ ಸೆಟ್ಲ್‌ಮೆಂಟ್. ಅದೂ ಮಾರ್ಚಿ ಬಂತೆಂದರೆ ಬ್ಯಾಂಕಿನವರ ಅಂತಃಕರಣ ಉಕ್ಕುವುದನ್ನು ನೋಡಬೇಕು. ಮಾರ್ಚ್ 31ರ ಸಂಜೆ ಅವರಷ್ಟು ಕರುಣಾಳುಗಳು ಭೂಮಿಯ ಮೇಲಿಲ್ಲ.

ಮೊದಲ ಆಫರ್ ₹2,40,000ದ್ದು ಬಂತು. “ಇವತ್ತು ಸಂಜಿತನಕ ಅಷ್ಟ ಸರ. ನಾಳಿಗೆ ಸಿಸ್ಟಮ್ ಲಾಕ್ ಆಕ್ಕೈತಿ.” ನನಗೆ ಎದೆ ಹೊಡೆದುಕೊಂಡಿತು. ಹೆಂಡತಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತ ತಿರುಗಿ ನೋಡದೆ ಹೇಳಿದಳು: “ಅರ್ಧಕ್ಕ ಮುಗಿಸ್ರಿ ಅನ್ರಿ.” ಸಿಸ್ಟಮ್ ಮರುದಿನವೂ ತೆರೆದೇ ಇತ್ತು. ಆಫರ್ ಎರಡು ಲಕ್ಷಕ್ಕೆ ಇಳಿದಿತ್ತು.

ಅವಳು ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಮುಳಗಾಯಿ ಕೊಳ್ಳುವುದನ್ನು ಇಷ್ಟು ವರ್ಷ ಚೀಲ ಹಿಡಿದು ನೋಡಿದ್ದೇನೆ. ಒಂದನ್ನು ಎತ್ತಿ, ತಿರುವಿ, ಹುಳು ಇದೆಯೆಂದು ಶಂಕಿಸಿ, ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಹೋಗುವುದು. ಮಾರುವ ಮುದುಕಿ ಹಿಂದಿನಿಂದ ಕೂಗುವುದು. ಸಾಲದ ಚೌಕಾಶಿಯೂ ಇದೇ ಎಂದುಕೊಂಡು ಇಳಿದರೆ ಒಂದು ವ್ಯತ್ಯಾಸ. ಅಲ್ಲಿ ಹಳಿಯಲು ಮುಳಗಾಯಿ ಇರುತ್ತದೆ. ಇಲ್ಲಿ ಹಳಿದುಕೊಳ್ಳಬೇಕಾದ ಸರಕು ನಾವೇ. ನಾನು ಎಷ್ಟು ಕೊಳೆತವನು, ಎಷ್ಟು ಒಣಗಿದವನು, ಹಿಂಡಿದರೂ ನನ್ನಿಂದ ಏನೂ ಬಾರದು ಎಂಬುದನ್ನು ನಾನೇ ಎತ್ತಿ ತಿರುವಿ ತೋರಿಸಬೇಕು. ಜೀವಮಾನವಿಡೀ ಇಲ್ಲದ ಶ್ರೀಮಂತಿಕೆ ತೋರಿಸಿಕೊಂಡು ಬಂದ ಮಧ್ಯಮವರ್ಗದವನಿಗೆ ಇದ್ದ ಬಡತನವನ್ನು ತೋರಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಬೀಗರ ಮುಂದೆ ‘ಏನೋ ದೇವರ ದಯೆಯಿಂದ ನಡೆದೈತ್ರಿ’ ಎಂದು ಬೆಳೆದ ನಾಲಗೆ ಅದು. “ಪ್ರೆಸ್ ಹೆಂಗ ನಡದೈತ್ರಿ?” ಎಂದು ಬ್ಯಾಂಕಿನವರು ಕೇಳಿದಾಗ ಅಭ್ಯಾಸಬಲದಿಂದ “ಛಲೋ ನಡದೈತ್ರಿ” ಎಂದು ಬಾಯಿಗೆ ಬಂದದ್ದನ್ನು ಕೆಮ್ಮಿ ನುಂಗಿಕೊಂಡೆ. ಕೆಮ್ಮೂ ಉಪಯೋಗಕ್ಕೆ ಬಂತು. ಅಧಿಕಾರಿಗಳು ಕನಿಕರದಿಂದ ನೀರು ಕೊಟ್ಟರು.

ಕಷ್ಟ ವಿವರಿಸಿ ಒಂದು ಅರ್ಜಿ ಬರೆದುಕೊಡಿ ಎಂದರು. ಬರೆಯುವ ಕೆಲಸ ಎಂದರೆ ನನಗೆ ಹುರುಪು. ಇಪ್ಪತ್ತು ವರ್ಷದಿಂದ ಊರವರ ದುಃಖಕ್ಕೆಲ್ಲ ಅಕ್ಷರ ಜೋಡಿಸಿದವನು ನಾನು. ರಾತ್ರಿ ಕೂತು, ವಿಧಿಯ ಆಟ, ಕುಟುಂಬದ ಆಧಾರಸ್ತಂಭ, ತುಂಬಲಾರದ ನಷ್ಟ ಎಲ್ಲವನ್ನೂ ತಂದು ಎರಡು ಪುಟ ಬರೆದೆ. ಅಧಿಕಾರಿಗಳು ಓದಿ ಕನ್ನಡಕ ತೆಗೆದು, “ಯಾರು ಹೋದರ್ರೀ?” ಎಂದು ಮೆಲ್ಲಗೆ ಕೇಳಿದರು. ಪುಣ್ಯತಿಥಿಯ ಕಾರ್ಡಿನ ಶೈಲಿ ಕೈಗೆ ಹತ್ತಿಬಿಟ್ಟಿತ್ತು. ವಿಳಾಸದ ಕೆಳಗೆ ‘ದುಃಖತಪ್ತ ಬಂಧುಮಿತ್ರರು’ ಎಂದು ಹಾಕದೆ ಇದ್ದದ್ದೇ ದೊಡ್ಡದು. ಕೊನೆಗೆ ಅವರೇ ಹೇಳಿ ಬರೆಸಿದ ಅರ್ಜಿ ನಾಲ್ಕು ಸಾಲಿನದು, ಜೊತೆಗೆ ಆರು ತಿಂಗಳ ಪಾಸ್‌ಬುಕ್ಕಿನ ನಕಲು. ಆ ಪಾಸ್‌ಬುಕ್ಕಿಗಿಂತ ಕರುಣರಸದ ಕೃತಿಯನ್ನು ನಾನು ಬರೆದಿಲ್ಲ.

ಈ ದಿನಗಳಲ್ಲಿ ನನ್ನ ಬೆನ್ನಿಗೆ ನಿಂತವನು ಹಳೆಯ ಸ್ನೇಹಿತನೊಬ್ಬ. ಸಂಜೆ ಪ್ರೆಸ್ಸಿಗೆ ಬಂದು ಚಹಾ ಕುಡಿಯುತ್ತ ಒಂದೊಂದನ್ನೂ ಬಿಡಿಸಿ ಕೇಳುತ್ತಿದ್ದ. ಮೂರು ವರ್ಷ ದಾಟಿದರೆ ಇಂಥ ಸಾಲಕ್ಕೆ ಕೋರ್ಟಿಗೆ ಹೋಗುವ ಹಕ್ಕು ಕಾಲಮಿತಿ ಕಾಯ್ದೆಯಂತೆ ತಪ್ಪಿಹೋಗುತ್ತದೆಯಂತೆ, ಹೌದಾ? ಹೌದು. ಅದರೊಳಗೆ ಸಾಲ ಇರುವುದು ನಿಜ ಎಂದು ಬರೆದು ಸಹಿ ಹಾಕಿದರೆ? ಮೂರು ವರ್ಷದ ಲೆಕ್ಕ ಮತ್ತೆ ಮೊದಲಿಂದ. ಬಾಯಲ್ಲಿ ಹೇಳಿದರೆ? ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ‘ಐನೂರು ರೂಪಾಯಿ ಟೋಕನ್ ಹಾಕಿಬಿಡ್ರಿ’ ಎನ್ನುವವರ ಹಿಕಮತ್ತೂ ಇದೇ. ಅವಧಿಯೊಳಗೆ ಸ್ವಲ್ಪ ಕಟ್ಟಿ ಅದಕ್ಕೆ ಸಹಿಯ ಬರಹ ಇದ್ದರೆ ಸಾಯಲಿದ್ದ ಸಾಲ ಎದ್ದು ಕೂತು ಗಂಜಿ ಕೇಳುತ್ತದೆ. ಸ್ನೇಹಿತ ತಲೆದೂಗಿದ. ಇಷ್ಟು ಕಳಕಳಿಯಿಂದ ನನ್ನ ಕಷ್ಟ ಕೇಳಿದವರು ಇನ್ನೊಬ್ಬರಿಲ್ಲ ಎಂದು ನನಗೆ ಕಣ್ಣು ತುಂಬಿಬಂತು.

ಮಾತು ₹1,40,000ಕ್ಕೆ ಬಂದು ನಿಂತಿದ್ದಾಗ ಲೋಕ ಅದಾಲತ್ತಿನ ನೋಟಿಸು ಬಂತು. ನೋಟಿಸು ಎಂದ ಕೂಡಲೇ ಮನೆಯಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಷ್ಟು ಹೆದರಬೇಕಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬಂದ ವ್ಯವಸ್ಥೆ ಅದು. ಕೋರ್ಟ್ ಫೀ ಇಲ್ಲ, ದಾವೆ ಹಾಕುವ ಮೊದಲೇ ಕರೆದು ರಾಜಿ ಮಾಡಿಸುತ್ತಾರೆ, ಇಬ್ಬರೂ ಒಪ್ಪಿ ಆದದ್ದು ಸಿವಿಲ್ ಕೋರ್ಟಿನ ಡಿಕ್ರಿಯ ಸಮ, ಮೇಲೆ ಅಪೀಲಿಲ್ಲ. ಒಪ್ಪದಿದ್ದರೆ ಎದ್ದು ಬರಬಹುದು.

ಯಾವ ಅಂಗಿ ಹಾಕಿಕೊಳ್ಳುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ತೀರ ಹರಿದದ್ದಾದರೆ ನಾಟಕ ಎಂದುಕೊಳ್ಳುತ್ತಾರೆ, ಇಸ್ತ್ರಿಯದಾದರೆ ಹತ್ತು ಸಾವಿರ ಏರಿಸುತ್ತಾರೆ. ಕಾಲರು ಸವೆದ, ಗುಂಡಿ ಪೂರ್ತಿ ಇರುವ, ಒಂದು ಕಾಲಕ್ಕೆ ಚೆನ್ನಾಗಿ ಬದುಕಿದ್ದ ಅಂಗಿಯೊಂದನ್ನು ಹೆಂಡತಿ ಹುಡುಕಿ ತೆಗೆದಳು. ಶನಿವಾರ ಕೋರ್ಟಿನ ಆವರಣಕ್ಕೆ ಹೋದರೆ ಧಾರವಾಡದ ಅಂಥ ಅಂಗಿಗಳೆಲ್ಲ ಅಲ್ಲಿ ಸೇರಿದ್ದವು. ನನ್ನ ಮುಂದಿದ್ದ ಹಿರಿಯರು ಸರದಿ ಹತ್ತಿರ ಬಂದಂತೆ ಉಂಗುರದ ಹರಳನ್ನು ಒಳಮುಖ ತಿರುಗಿಸಿಕೊಂಡರು. ಇನ್ನೊಬ್ಬರು ಕಾರಿನ ಕೀಲಿಯನ್ನು ಮಗನ ಕೈಗೆ ದಾಟಿಸಿ, “ನೀ ದೂರ ನಿಂದ್ರು” ಎಂದರು. ಬ್ಯಾಂಕುಗಳು ಸಾಲಾಗಿ ಮೇಜು ಹಾಕಿಕೊಂಡು ಕೂತಿದ್ದವು. ನನ್ನ ಮೇಜಿನ ಅಧಿಕಾರಿಯ ಅಂಗಿಯನ್ನು ನೋಡಿ ನಾನು ದಂಗಾದೆ. ಅದರ ಕಾಲರು ನನ್ನದಕ್ಕಿಂತ ಸವೆದಿತ್ತು!

“ಅರವತ್ತು ಸಾವಿರ ಕೊಡ್ತೀನ್ರಿ” ಎಂದೆ. ಅವರು ನಕ್ಕರು. ತಮ್ಮ ಮೇಲೆ ರೀಜನಲ್ ಆಫೀಸಿದೆ, ಅದರ ಮೇಲೆ ಹೆಡ್ ಆಫೀಸಿದೆ, ತಮ್ಮ ಮಗಳ ಫೀಸಿದೆ, ಮನೆಯ ಲೋನಿದೆ, ಬೆನ್ನುಮೂಳೆಯ ತೊಂದರೆಯಿದೆ ಎಂದರು. ನಾನು ಮಂಡಿನೋವು ತೆಗೆದೆ. ಅವರು ಸಕ್ಕರೆ ಕಾಯಿಲೆ ಇಳಿಸಿದರು. ರಾಜಿ ಮಾಡಿಸಲು ಕೂತಿದ್ದ ನ್ಯಾಯಾಧೀಶರು ಇಬ್ಬರನ್ನೂ ನೋಡಿ, ಯಾರು ಯಾರಿಗೆ ಕೊಡಬೇಕು ಎಂದು ಫೈಲು ತಿರುವಿ ಖಾತ್ರಿ ಮಾಡಿಕೊಂಡರು. ಕೊನೆಗೆ ₹1,05,000ಕ್ಕೆ ಮುಗಿಯಿತು, ಎರಡು ಕಂತು. ಒಂದು ಕಂತು ತಪ್ಪಿದರೆ ರಾಜಿ ರದ್ದು, ಮತ್ತೆ ಮೂರು ಲಕ್ಷ ಐದು ಸಾವಿರ. ಹಣವನ್ನು ಸಾಲದ ಖಾತೆಗೇ ಕಟ್ಟಬೇಕು, ಯಾವ ಹುಡುಗನ ಫೋನಿಗೂ ಅಲ್ಲ. ಪತ್ರ ಕೈಗೆ ಬಂದ ಮೇಲೆ ಕಟ್ಟಬೇಕೇ ಹೊರತು ಕಟ್ಟಿದ ಮೇಲೆ ಪತ್ರ ಕೇಳುವುದಲ್ಲ. ಇದನ್ನು ಹೇಳಿಕೊಟ್ಟವರೂ ಆ ಸವೆದ ಕಾಲರಿನವರೇ. ಹೊರಗೆ ಬಂದು ನಾವಿಬ್ಬರೂ ಒಟ್ಟಿಗೆ ಚಹಾ ಕುಡಿದೆವು. ದುಡ್ಡು ಅವರೇ ಕೊಟ್ಟರು. ನಾನು ಪಾತ್ರದಿಂದ ಇನ್ನೂ ಹೊರಬಂದಿರಲಿಲ್ಲ.

ಎರಡನೆಯ ಕಂತು ಕಟ್ಟಿ, ನೋ ಡ್ಯೂ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿದ ಮೇಲೆ ತಿಳಿದದ್ದು ಸಿಬಿಲ್ ಮಹಾತ್ಮೆ. 2000ದಲ್ಲಿ ಹುಟ್ಟಿದ ಆ ಸಂಸ್ಥೆ ನಮಗೆಲ್ಲ ಸಾಲದ ನಡತೆಗೆಂದು 300ರಿಂದ 900ರ ತನಕ ಅಂಕ ಕೊಡುತ್ತದೆ. ಪೂರ್ತಿ ಕಟ್ಟಿದವನ ಹೆಸರಿನ ಮುಂದೆ ‘ಕ್ಲೋಸ್ಡ್’, ನನ್ನಂಥವನ ಮುಂದೆ ‘ಸೆಟಲ್ಡ್’. ಕನಿಷ್ಠ ಏಳು ವರ್ಷ ಆ ಮಾಹಿತಿಯನ್ನು ಇಟ್ಟುಕೊಳ್ಳಬೇಕೆಂದು ನಿಯಮವೇ ಇದೆ. ನಮ್ಮ ಜೋಯಿಸರಿಗೆ ಹೇಳಿದೆ. “ಶನಿ ಕಾಡೂದು ಏಳೂವರಿ ವರ್ಷ. ಇದರಾಗ ಆರು ತಿಂಗಳಾ ಸೋಡಿ ಸಿಕ್ಕೈತಿ, ಎಳ್ಳೆಣ್ಣಿ ಹಚ್ಚೂ ಖರ್ಚೂ ಇಲ್ಲ” ಎಂದು ಸಮಾಧಾನ ಹೇಳಿದರು.

ಹೋದ ತಿಂಗಳು ನಮ್ಮ ಸ್ನೇಹಿತ ಪ್ರೆಸ್ಸಿಗೆ ಬಂದ. ಕಾಲರು ಸವೆದ ಅಂಗಿ ಹಾಕಿದ್ದ. ಕರೋನಾಕ್ಕೂ ಮೊದಲು ಮಗಳ ಸೀಮಂತಕ್ಕೆಂದು ನನ್ನ ಹತ್ತಿರ ₹18,000 ಕೈಗಡ ತೆಗೆದುಕೊಂಡಿದ್ದ. ಆ ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಚಹಾ ಬಂದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅದು ನಿಂದೊಂದು ಹಳೇದು ಐತೆಲ್ಲ, ಏಳು ಸಾವಿರ ಕೊಡ್ತೀನಿ, ಫುಲ್ ಆ್ಯಂಡ್ ಫೈನಲ್” ಎಂದ. ನಾನು ಫೋನ್ ತೆಗೆದು ವಾಟ್ಸಾಪಿನಲ್ಲಿ ಹಿಂದಕ್ಕೆ ಹುಡುಕಿದೆ. ದುಡ್ಡಿನ ನೆನಪು ಮಾಡಿ ನಾನು ಕಳಿಸಿದ ಮೆಸೇಜುಗಳಿಗೆಲ್ಲ ಅವನು ಒಂದಕ್ಷರವನ್ನೂ ಬರೆದಿರಲಿಲ್ಲ. ಬರೇ ಕೈಮುಗಿಯುವ ಚಿತ್ರ. ಕೈಮುಗಿದದ್ದು ಸಹಿ ಮಾಡಿದಂತೆ ಆಗುತ್ತದೆಯೇ ಎಂದು ವಕೀಲ ಮಿತ್ರರನ್ನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿಂದ ಹೆಂಡತಿ, “ಅರ್ಧಕ್ಕ ಮುಗಿಸ್ರಿ” ಎಂದಳು.

ಒಂಬತ್ತು ಸಾವಿರಕ್ಕೆ ಮುಗಿಯಿತು. ಎಣಿಸಿ ಕೊಡುವ ಮೊದಲು, ಪತ್ರ ಬೇಕು ಎಂದ. ಪ್ರೆಸ್ಸಿನ ಲೆಟರ್‌ಹೆಡ್ ತೆಗೆದುಕೊಂಡು ಬರೆಯಲು ಕೂತೆ. “ನೋಡು, ಪೂರ್ತಿ ಕೊಟ್ಟರ ಕ್ಲೋಸ್ಡ್ ಅಂತ ಬರೀತೀನಿ. ಅರ್ಧಕ್ಕಾದ್ರ ಸೆಟಲ್ಡ್ ಅಂತನ ಬರೀಬೇಕಾಕ್ಕೈತಿ. ಏಳು ವರ್ಷ ನಿನ್ನ ರಿಪೋರ್ಟಿನಾಗ ಉಳೀತೈತಿ, ವಿಚಾರ ಮಾಡು” ಎಂದೆ.

“ಏನರ ಬರಕೋ ಮಾರಾಯ. ನನಗ ರಿಪೋರ್ಟ ಇಲ್ಲ. ನಿನ್ನ ಬಿಟ್ರ ನನಗ ಸಾಲ ಕೊಟ್ಟವರು ಯಾರದಾರ?”