ಮುದುಕ ಸತ್ನೋ ಇಲ್ಲೋ

ಈ ಸಲದ ಯುಗಾದಿಗೆ ನಾನು ಓದುವವನಾಗಬೇಕೆಂದು ನಿಶ್ಚಯ ಮಾಡಿದೆ. ಓದು ಬಾರದವನೇನಲ್ಲ. ನೀರಮಾನ್ವಿಯಿಂದ ದಿನಾ ಬಸ್ಸು ಹಿಡಿದು ರಾಯಚೂರಿಗೆ ಹೋಗಿ ಸಂಜೆತನಕ ಓದುವುದೇ ನನ್ನ ನೌಕರಿ. ಆದರೆ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವುದನ್ನೆಲ್ಲ ಓದು ಎಂದು ಕರೆಯಲು ಮನಸ್ಸು ಬರುವುದಿಲ್ಲ.

ತಲೆಗೆ ಈ ಹುಳ ಬಿಟ್ಟವನು ರೇ ಬ್ರಾಡ್ಬರಿ ಎಂಬ ಅಮೆರಿಕದ ಕತೆಗಾರ. 2001ರಲ್ಲಿ ಬರೆಯುವ ಆಸೆಯವರ ಮುಂದೆ ಮಾತಾಡುತ್ತ ಆತ ಒಂದು ಔಷಧಿ ಬರೆದುಕೊಟ್ಟ. ರಾತ್ರಿ ಮಲಗುವ ಮುಂಚೆ ಒಂದು ಸಣ್ಣ ಕತೆ, ಒಂದು ಪದ್ಯ, ಒಂದು ಪ್ರಬಂಧ. ಹೀಗೆ ಸಾವಿರ ರಾತ್ರಿ. ಅಂದರೆ ಹತ್ತಿರ ಹತ್ತಿರ 2 ವರ್ಷ 9 ತಿಂಗಳು. ಪಥ್ಯ ಏನೂ ಇಲ್ಲ. ಕಾಗದಕ್ಕೆ ತಾನಾಗಿ ಬೆಂಕಿ ಹತ್ತುತ್ತದೆ ಎಂದು ನಂಬಿದ್ದ ಶಾಖವನ್ನೇ ಹೆಸರಾಗಿಟ್ಟು 1953ರಲ್ಲಿ ‘ಫ್ಯಾರನ್‌ಹೀಟ್ 451’ ಬರೆದವನೂ ಇವನೇ. ನಮ್ಮ ಲೆಕ್ಕಕ್ಕೆ ಅದು 233 ಡಿಗ್ರಿ. ನಮ್ಮ ಮೇ ತಿಂಗಳು ಅಷ್ಟಕ್ಕೆ ಏರುವುದಿಲ್ಲ ಎಂದು ಹವಾಮಾನದವರು ಹೇಳುತ್ತಾರೆ. ಅವರು ನಮ್ಮ ಮನೆಯ ತಗಡಿನ ಕೆಳಗೆ ಪುಸ್ತಕ ಹಿಡಿದು ಕೂತಿಲ್ಲ.

ಓದುವುದಕ್ಕಿಂತ ಮೊದಲು ಮಾನ್ವಿಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ ತಂದೆ. ಸ್ಕೇಲು ಇಟ್ಟು ಖಾನೆ ಹೊಡೆದೆ. ದಿನಾಂಕ, ಕತೆ, ಪ್ರಬಂಧ, ಪದ್ಯ, ಷರಾ. ಮೂರು ಸಂಜೆ ಗೆರೆ ಎಳೆಯುವುದರಲ್ಲೇ ಹೋದವು. ನಿಜ ಹೇಳಬೇಕೆಂದರೆ ಸಾಹಿತ್ಯದಿಂದ ನನಗೆ ಸಿಕ್ಕ ಅತಿ ದೊಡ್ಡ ನೆಮ್ಮದಿ ಆ ಮೂರು ಸಂಜೆಯದು. ಹೆಂಡತಿ ಒಮ್ಮೆ ಇಣುಕಿ ನೋಡಿ, “ಓದಾಕ ಹಾಜರಿ ಬುಕ್ಕು ಯಾಕ್ರೀ, ಪಗಾರ ಕೊಡ್ತಾರೇನು?” ಎಂದು ಒಳಗೆ ಹೋದಳು.

ನಾಲ್ಕನೆಯ ದಿನದಿಂದ ಓದು. ಸಣ್ಣ ಕತೆ ಎನ್ನುವುದು ಹೆಸರಿಗಷ್ಟೇ ಸಣ್ಣದು ಎಂದು ಆಗಲೇ ಗೊತ್ತಾದದ್ದು. ಶಕ್ತಿನಗರಕ್ಕೆ ಕಲ್ಲಿದ್ದಲು ಒಯ್ಯುವ ಗೂಡ್ಸ್ ಗಾಡಿಗೆ ಗೇಟು ಹಾಕಿದಾಗ ಡಬ್ಬಿ ಎಣಿಸುತ್ತ ನಿಲ್ಲುತ್ತೇವಲ್ಲ, ಹಾಗೆ ಇನ್ನೆಷ್ಟು ಪುಟ ಎಂದು ಮುಂದೆ ಮುಂದೆ ತಿರುವಿ ಎಣಿಸುತ್ತಿದ್ದೆ. ಪದ್ಯದ ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆಯವರೇ ಕೈ ಹಿಡಿದರು. ಹೆಂಬೆರಾಳಿನ ಶಾಂತರಸರು ಉರ್ದುವಿನ ಗಜಲ್ ಅನ್ನು ಕನ್ನಡದಲ್ಲಿ ನೆಲೆ ನಿಲ್ಲಿಸಿದವರು. ಗಜಲ್‌ನ ಗುಣವೆಂದರೆ ಒಂದೊಂದು ದ್ವಿಪದಿಯೂ ತನ್ನಷ್ಟಕ್ಕೆ ಪೂರ್ಣ. ಹಾಗಾಗಿ ಎರಡು ಸಾಲು ಓದಿ ‘ಪದ್ಯ ಮುಗಿದಿದೆ’ ಎಂದು ಸಹಿ ಹಾಕಿದರೆ ಮೋಸವಾಗುವುದಿಲ್ಲ. ಶಾಂತರಸರು ಇದನ್ನು ನನ್ನಂಥವರಿಗಾಗಿ ತಂದದ್ದಲ್ಲ, ಒಪ್ಪುತ್ತೇನೆ. ಡಿವಿಜಿಯವರ ಕಗ್ಗಕ್ಕೂ ಲೆಕ್ಕ ಹಾಕಿ ನೋಡಿದ್ದೆ. 945 ಪದ್ಯ, ದಿನಕ್ಕೊಂದರಂತೆ ನುಂಗಿದರೂ ಸಾವಿರ ರಾತ್ರಿಗೆ 55 ಕಡಿಮೆ ಬೀಳುತ್ತವೆ. ಪ್ರಬಂಧದ್ದೇ ಕಷ್ಟ. ಒಂದು ರಾತ್ರಿ ಏನೂ ಸಿಗದೆ ಯೂರಿಯಾ ಚೀಲದ ಮೇಲಿನ ಸೂಚನೆ ಓದಿ ಆ ಖಾನೆ ತುಂಬಿಸಿದೆ.

ಹನ್ನೊಂದನೆಯ ದಿನಕ್ಕೆ ನೋಟ್‌ಬುಕ್ ಕೈ ಬದಲಾಯಿತು. ಈಗ ಕತೆಯ ಖಾನೆಯಲ್ಲಿ ಹಾಲು, ಪ್ರಬಂಧದಲ್ಲಿ ಮೊಸರು, ಪದ್ಯದಲ್ಲಿ ಹತ್ತಿ ಬಿಡಿಸಿದವರ ಕೂಲಿ. ಷರಾದಲ್ಲಿ ಹೆಂಡತಿಯ ಅಕ್ಷರ: ‘ನೀರು ಜಾಸ್ತಿ.’ ಹಾಲಿನ ಬಗ್ಗೆಯೇ ಇರಬೇಕು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಚೀಲದಲ್ಲಿ ಒಂದು ಕಥಾಸಂಕಲನ ಉಳಿದುಬಿಟ್ಟಿತ್ತು. ಮುಂಜಾನೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಹುರುಪಿಗೆ ತೆಗೆದೆ. ಪಕ್ಕದಲ್ಲಿ ಬಿಳಿ ಪಟಕಾ ಸುತ್ತಿದ ಯಜಮಾನರು ಕೂತಿದ್ದರು, ತೊಡೆಯ ಮೇಲೆ ಒಗ್ಗರಣಿ-ಮಿರ್ಚಿಯ ಪೊಟ್ಟಣ. ಮೂರನೆಯ ಪುಟದಲ್ಲಿದ್ದೆ.

“ತಿರುವ್ರಿ ಸರ” ಎಂದರು.

“ಏನ್ರೀ?”

“ಹಾಳಿ ತಿರುವ್ರಿ. ನನ್ನದಾತು.”

ನನ್ನದಾಗಿರಲಿಲ್ಲ. ಮಾನ ಬಿಟ್ಟು ಹೇಳುವುದು ಹೇಗೆ? ತಿರುವಿದೆ. ಅಲ್ಲಿಂದ ಮುಂದೆ ಅವರು ಓದುವ ವೇಗಕ್ಕೆ ನಾನು ಹಾಳೆ ತಿರುವುವ ಆಳಾದೆ. ಮಿರ್ಚಿ ಕಡಿಯುತ್ತ, ಪುಟಕ್ಕೆ ಎಣ್ಣೆ ಬೀಳದಂತೆ ಎಡಗೈಯನ್ನು ಬಾಯಿ ಕೆಳಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಕತೆಯಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದ, ಪರವೂರಿನ ಮಗ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವರ ಕ್ರಾಸು ಬಂತು. ಕಂಡಕ್ಟರ್ ಸೀಟಿ ಊದಿದ. ಯಜಮಾನರು ಒಲ್ಲದ ಮನಸ್ಸಿನಿಂದ ಇಳಿದು, ಬಸ್ಸಿನ ಪಕ್ಕಕ್ಕೇ ನಾಲ್ಕು ಹೆಜ್ಜೆ ಓಡಿ ಬಂದು ಕಿಟಕಿಗೆ ಮುಖ ಕೊಟ್ಟು ಕೇಳಿದರು: “ಮುದುಕ ಸತ್ನೋ ಇಲ್ಲೋ, ಕಡೀ ಹಾಳಿ ನೋಡ್ರೀ ಸರ!”

ನೋಡುವುದರೊಳಗೆ ಬಸ್ಸು ಮುಂದೆ ಹೋಯಿತು. ಆ ಕತೆಯನ್ನು ನಾನು ಅವತ್ತು ರಾತ್ರಿ ಮೊದಲಿಂದ ಪೂರ್ತಿ ಓದಿದೆ. ಬ್ರಾಡ್ಬರಿಯ ಪ್ರಭಾವ ಖಂಡಿತ ಅಲ್ಲ.

ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ಓದುತ್ತಿದ್ದವನಿಗೆ ಕತ್ತಲೊಳಗಿಂದ ಅವ್ವನ ದನಿ ಕೇಳಿಸಿತು. “ಒಬ್ನ ಏನ್ ಓದ್ಕೊಂತ ಕುಂತೀಯೋ? ಜೋರಾಗಿ ಓದು, ನಾನೂ ಕೇಳ್ತೀನಿ. ಪುರಾಣದಾಗ ಓದಾವ್ರು ಮನಸ್ನ್ಯಾಗ ಓದ್ಕೊಂತಾರೇನು?”

ಮಾತು ನಾಟಿತು. ಶ್ರಾವಣ ಬಂದರೆ ನಮ್ಮ ಕಡೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಹಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ, ಮಗ್ಗುಲಲ್ಲಿ ತಬಲಾ. ಕಲಬುರ್ಗಿ ಶರಣಬಸವೇಶ್ವರರ ಪುರಾಣವಾದರೆ ಮಳೆ ಬಂದರೂ ಜನ ಏಳುವುದಿಲ್ಲ. ತಿಂಗಳಲ್ಲಿ ಒಂದು ದಿನ ತಪ್ಪುವುದಿಲ್ಲ, ಯಾರೂ ಖಾನೆ ಹೊಡೆದಿರುವುದಿಲ್ಲ. ಶರಣರು ಹುಟ್ಟಿದ ಪ್ರಸಂಗಕ್ಕೆ ತೊಟ್ಟಿಲು ಕಟ್ಟುತ್ತಾರೆ, ಮದುವೆ ಪ್ರಸಂಗಕ್ಕೆ ಊಟ ಹಾಕುತ್ತಾರೆ. ನಾನು ಓದಿದ ಕತೆಗಳಲ್ಲೂ ಮದುವೆ ಆದವು, ಒಬ್ಬ ಕತೆಗಾರನೂ ಊಟಕ್ಕೆ ಕರೆಯಲಿಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವೂ ಹಾಗೆಯೇ. 32 ಸಂಧಿ, ದಿನಕ್ಕೊಂದು ಎಂದು ಪಾರಾಯಣ ಹಿಡಿದವರು ತಿಂಗಳ ಮೇಲೆ ಎರಡು ದಿನಕ್ಕೆ ಮುಗಿಸಿ ಮತ್ತೆ ಮೊದಲಿಗೆ ಬರುತ್ತಾರೆ. ಅಶೋಕನಿಗೂ ನಮ್ಮ ಸ್ವಭಾವ ಗೊತ್ತಿದ್ದಂತಿದೆ. ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನ ಮೇಲಿರುವ ಅವನ ‘ಪ್ರತ್ಯೇಕ ಶಾಸನ’ಗಳ ಅಪ್ಪಣೆ ಏನು? ಇದನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ. ದಿನಾ ಓದಿರಿ ಎನ್ನುವ ಧೈರ್ಯ ಚಕ್ರವರ್ತಿಗೂ ಆಗಲಿಲ್ಲ.

ನನಗೂ ಒಬ್ಬ ಕೇಳುವವಳು ಸಿಕ್ಕಳು. ಅವತ್ತಿನಿಂದ ಊಟ ಆದಮೇಲೆ ಅವ್ವ ಎಲಿಅಡಿಕಿ ಚಂಚಿ ಬಿಚ್ಚಿದಳೆಂದರೆ ನಾನು ಪುಸ್ತಕ ಬಿಚ್ಚಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ, ಅರ್ಧಕ್ಕೆ ನಿಲ್ಲಿಸಿದ ಕತೆ ಮರುದಿನ ಅವಳಿಗೆ ಶಬ್ದ ಶಬ್ದ ನೆನಪಿರುತ್ತದೆ, ನನಗಿರುವುದಿಲ್ಲ. ಅಮರೇಶ ನುಗಡೋಣಿಯವರ ‘ಸವಾರಿ’ ಓದುವ ಮೊದಲು, ಕಾಸರವಳ್ಳಿಯವರು 2010ರಲ್ಲಿ ಮಾಡಿದ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಇದೇ ಕತೆಯದು ಎಂದು ಪೀಠಿಕೆ ಹಾಕಿದೆ. ಅವಳಿಗೆ ಸಿನಿಮಾ ಬೇಕಿರಲಿಲ್ಲ. “ನುಗಡೋಣಿ ಅಂದ್ರ ನಮ್ಮ ಮಾನ್ವಿ ಕಡೀದಲ್ಲೇನು? ಹಂಗಾದ್ರ ಖರೇನ ಇರ್ತೈತಿ, ಓದು.” ಮೂರ್ತಿರಾಯರ ‘ಹಗಲುಗನಸುಗಳು’ ಪುಸ್ತಕದಿಂದ ಒಂದು ಪ್ರಬಂಧ ಓದಿದೆ. ಕೊನೆಯವರೆಗೂ ಸುಮ್ಮನಿದ್ದು ಕೇಳಿದಳು, “ಇದ್ರಾಗ ಏನೂ ಆಗ್ಲೇ ಇಲ್ಲಲ್ಲೋ?” ಆಮೇಲೆ ಸುಣ್ಣ ಸವರುತ್ತ ತಾನೇ ನಕ್ಕು, “ಏನೂ ಆಗದಿದ್ರೂ ಛಲೋ ಐತಿ ಬಿಡು” ಎಂದಳು. ಲಲಿತ ಪ್ರಬಂಧದ ಬಗ್ಗೆ ಕಾಲೇಜಿನಲ್ಲಿ ನಾನು ನಾಲ್ಕು ಪುಟ ಉತ್ತರ ಬರೆದಿದ್ದೆ.

ಕಟ್ಟೆಯ ಮೇಲಿನ ಗೆಳತಿಯರಿಗೆ ಅವಳು ಈ ಕತೆಗಳನ್ನು ದಾಟಿಸುತ್ತಾಳೆ, ದಾಟಿಸುವಾಗ ತಿದ್ದುತ್ತಾಳೆ. ಬಿಟ್ಟು ಹೋದ ಗಂಡಂದಿರೆಲ್ಲ ಅವಳ ಆವೃತ್ತಿಯಲ್ಲಿ ಕಡೆಗೆ ಹೆಂಡತಿಯ ಕಾಲು ಹಿಡಿಯುತ್ತಾರೆ. ಎಷ್ಟನೆಯ ರಾತ್ರಿ ಆಯಿತೆಂದು ನಾನು ಎಣಿಸಿಲ್ಲ. ನೋಟ್‌ಬುಕ್ ಹೇಗೂ ಹಾಲಿನದು.

ಉಳಿದದ್ದು ಆ ಯಜಮಾನರ ಬಾಕಿ. ಆ ಕ್ರಾಸು ಬಂದಾಗಲೆಲ್ಲ ಹೊರಗೆ ನೋಡುತ್ತೇನೆ. ಹೋದ ವಾರ ಬೇವಿನ ಗಿಡದ ಕೆಳಗೆ ಬಿಳಿ ಪಟಕಾ ಕಾಣಿಸಿತು. ಇಳಿಯುವವರಿಲ್ಲವೆಂದು ಬಸ್ಸು ನಿಲ್ಲಲಿಲ್ಲ. ಕುತ್ತಿಗೆ ಹೊರಗೆ ಹಾಕಿ ಇದ್ದಷ್ಟು ದನಿಯಲ್ಲಿ ಕೂಗಿದೆ: “ಯಜಮಾನ್ರೇ, ಮುದುಕ ಸಾಯ್ಲಿಲ್ರೀ! ಮಗ ಬಂದ!”

ಅವರೋ ಬೇರೆ ಯಾರೋ, ಎರಡೂ ಕೈ ಎತ್ತಿ ಮುಗಿದರು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಬಂದು ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿದ, “ಯಾವ ದವಾಖಾನಿಗೆ ಹಾಕಿದ್ರೀ ಸರ?”