ಐ-ಟ್ವೆಂಟಿ ಗೌಡ್ರು

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಐ-ಟ್ವೆಂಟಿ ಗೌಡ್ರು ಅಂದರೆ ಒಬ್ಬರೇ ಅಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ಆ ಹೆಸರು ಕೂಗಿ ನೋಡಿ, ಟೀ ಅಂಗಡಿಯಿಂದ ಇಬ್ಬರು, ಗೊಬ್ಬರದ ಅಂಗಡಿಯಿಂದ ಒಬ್ಬರು ತಿರುಗಿ ನೋಡುತ್ತಾರೆ. ಗುರುತು ಸುಲಭ. ಮನೆಯ ಹುಡುಗನೋ ಹುಡುಗಿಯೋ ಅಮೆರಿಕಾದಲ್ಲಿ ಎಂ.ಎಸ್. ಓದುತ್ತಿರಬೇಕು. ಜೇಬಿನ ಫೋನು ಎರಡು ಊರಿನ ಹೊತ್ತು ತೋರಿಸಬೇಕು. ದೇವನಹಳ್ಳಿ ಕಡೆಯಿಂದ ಎದ್ದ ವಿಮಾನ ನೆತ್ತಿಯ ಮೇಲೆ ಹಾದಾಗ ಮನುಷ್ಯ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಡಬೇಕು.

ಹೆಸರು ಬಂದ ಬಗೆ ಊರಿಗೆಲ್ಲ ಗೊತ್ತು. ಅಮೆರಿಕಾದ ವಿಶ್ವವಿದ್ಯಾಲಯ ಸೀಟು ಕೊಟ್ಟ ಮೇಲೆ ವೀಸಾಗೆಂದು ಕಳಿಸುವ ಕಾಗದದ ಹೆಸರು ಐ-20. ಅದು ಬಂದ ದಿನ ಇವರಲ್ಲೊಬ್ಬ ಗೌಡ್ರು ಟೀ ಅಂಗಡಿಗೆ ಹೋಗಿ, "ನಮ್ ಹುಡುಗುಂಗೆ ಐ-ಟ್ವೆಂಟಿ ಬಂತು" ಅಂದರು. ಸಂಜೆಯೊಳಗೆ ಹತ್ತು ಜನ ಮನೆ ಮುಂದೆ ಜಮಾಯಿಸಿದರು. "ಕಾರು ಎಲ್ಲಿ ನಿಲ್ಸಿದ್ದೀಯಣ್ಣ? ಬಣ್ಣ ಯಾವ್ದು?" ಗೌಡ್ರು ಒಳಗಿಂದ ಕಾಗದ ತಂದು ತೋರಿಸಿದರು. ಬಂದವರಿಗೆ ನಿರಾಸೆಯಾಯಿತು. ಪೂಜೆಗೆ ನಿಂಬೆಹಣ್ಣು ತಂದಿದ್ದವನು ಅದನ್ನು ಜೇಬಿಗೇ ಹಾಕಿಕೊಂಡು ಹೋದ.

ಓದಲು ಹೋದವನು ಮಗ, ನಿಜ. ಆದರೆ ಓದಿದವರು ಯಾರು ಅಂತ ಕೇಳಿದರೆ ನಾನು ಅಪ್ಪನ ಕಡೆಗೇ ಕೈ ತೋರಿಸುತ್ತೇನೆ. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ನಿಂತ ಮನುಷ್ಯ ಈಗ ವೀಸಾ ಅರ್ಜಿಗೆ 185 ಡಾಲರ್, ವಿದ್ಯಾರ್ಥಿ ದಾಖಲಾತಿಯ ಸೆವಿಸ್ ಅನ್ನೋದಕ್ಕೆ 350 ಡಾಲರ್ ಅಂತ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾರೆ. 2023–24ರಲ್ಲಿ ಅಮೆರಿಕಾದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಚೀನಾದವರನ್ನು ಹಿಂದೆ ಹಾಕಿದರು ಅನ್ನುವ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದಾರೆ. "ಇದ್ರ ಮೇಲೆ ಇನ್ನೊಬ್ಬ ನಮ್ಮೋನು" ಅಂತ ಬೆರಳಿಟ್ಟು ತೋರಿಸುತ್ತಾರೆ.

ಮೊದಲ ಪಾಠ ನಡೆದದ್ದು ಬ್ಯಾಂಕಿನಲ್ಲಿ. ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಬೇಕು. ಗೌಡ್ರು ಹಿಪ್ಪುನೇರಳೆ ತೋಟದ ಪಹಣಿ, ದ್ರಾಕ್ಷಿ ತೋಟದ ಪಹಣಿ ಎರಡನ್ನೂ ಮೇಜಿನ ಮೇಲೆ ಹರಡಿದರು. ವಿಮಾನ ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ ಆ ಸುತ್ತಿನ ಭೂಮಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮ್ಯಾನೇಜರಿಗೆ ಮಾತ್ರ ತಿರುಗಲಿಲ್ಲ. "ಕೃಷಿ ಜಮೀನು ಆಗಲ್ಲ, ಖಾತೆ ಇರೋ ಮನೆ ತನ್ನಿ" ಅಂದರು. ಕೊನೆಗೆ ಆಸರೆಯಾದದ್ದು ಶಿಡ್ಲಘಟ್ಟದಲ್ಲಿದ್ದ ಮಾವನ ಮನೆಯ ಖಾತೆ. ಇಪ್ಪತ್ತು ವರ್ಷ ಮಾವನ ಮಾತಿಗೆ ಸೊಪ್ಪು ಹಾಕದ ಅಳಿಯ ಅಂದಿನಿಂದ ಹಬ್ಬಕ್ಕೆ ಮೊದಲು ಅತ್ತ ಹೋಗುತ್ತಾರೆ.

ಅದಕ್ಕಿಂತ ಫಜೀತಿಯಾದದ್ದು ಸಿ.ಎ. ಬರೆದುಕೊಟ್ಟ ಆಸ್ತಿ ಪತ್ರ. ವೀಸಾದವರಿಗೆ ತೋರಿಸಲೆಂದು ಅಜ್ಜನ ಕಾಲದ ಜಮೀನು, ಮನೆ, ಕೊಳವೆಬಾವಿ ಎಲ್ಲಕ್ಕೂ ಬೆಲೆ ಕಟ್ಟಿ ಒಟ್ಟು ಹಾಕಿದರು. ತಮ್ಮ ಬದುಕು ಇಷ್ಟು ಕೋಟಿಯದು ಅಂತ ಗೌಡ್ರಿಗೆ ಅವತ್ತೇ ಗೊತ್ತಾಯಿತು. ಅವರ ತಮ್ಮಂದಿರಿಗೂ ಅವತ್ತೇ ಗೊತ್ತಾಯಿತು. ಮಗನ ವೀಸಾ ಬರುವ ಮೊದಲೇ ಮನೆಯಲ್ಲಿ ಭಾಗದ ಮಾತು ಬಂತು.

ವೀಸಾ ಸಂದರ್ಶನ ಚೆನ್ನೈನಲ್ಲಿ. ಇನ್ನೋವಾ ಮಾಡಿಕೊಂಡು ಏಳು ಜನ ಹೊರಟರು. ತಿರುಪತಿಗೆ ಮುಡಿ ಹರಕೆ, ಕೈವಾರ ತಾತಯ್ಯನಿಗೆ ಕಾಯಿ ಎಲ್ಲ ಮೊದಲೇ ಮುಗಿದಿತ್ತು. ದಾರಿಯುದ್ದಕ್ಕೂ ಗೌಡ್ರು ಮಗನಿಗೆ ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿದರು. "ಓದಿದ್ ಮೇಲೆ ವಾಪಸ್ ಬರ್ತೀನಿ ಅನ್ಬೇಕು, ತಿಳೀತಾ? ನಗ್ಬೇಡ. ನಗ್ತಾ ಅಂದ್ರೆ ನಂಬಲ್ಲ." ಕಾನ್ಸುಲೇಟಿನ ಒಳಗೆ ಅಪ್ಪನನ್ನು ಬಿಡಲಿಲ್ಲ. ಇಷ್ಟು ತಯಾರಾದ ಅಭ್ಯರ್ಥಿಯನ್ನು ಹೊರಗೆ ನಿಲ್ಲಿಸಿ, ಏನೂ ತಯಾರಾಗದವನನ್ನು ಒಳಗೆ ಕರೆದರು. ಒಳಗೆ ಕೇಳಿದ್ದು ಮೂರೇ ಪ್ರಶ್ನೆ, ಅದರಲ್ಲೊಂದು "ತಂದೆ ಏನು ಮಾಡುತ್ತಾರೆ?" ಮಗ "ಸಿಲ್ಕ್" ಅಂದನಂತೆ. ಇವನಪ್ಪನಿಗೆ ಜವಳಿ ಗಿರಣಿಯೇ ಇರಬೇಕು ಅಂದುಕೊಂಡರೇನೋ, ವೀಸಾ ಸಿಕ್ಕಿತು. ಮನೆಯಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಸೊಪ್ಪು ಸಾಲದೆ ಗೌಡ್ರ ಹೆಂಡತಿ ಪಕ್ಕದ ತೋಟದವರ ಹತ್ತಿರ ಕಡ ಕೇಳುತ್ತಿದ್ದರು.

ಹೊರಡುವ ವಾರ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಎದ್ದಿತು. "ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಾಗೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಪುತ್ರನಿಗೆ ಶುಭಾಶಯಗಳು." ಶುಭ ಕೋರುವವರ ಮುಖಗಳು ಇಪ್ಪತ್ತಕ್ಕೂ ಮೇಲಿದ್ದವು, ಹುಡುಗನ ಮುಖ ಮೂಲೆಯಲ್ಲಿತ್ತು. ಹೊಸ ಶಾಸಕರ ಫ್ಲೆಕ್ಸೇನೋ ಅಂತ ದಾರಿಹೋಕರು ಓದದೆ ಮುಂದೆ ಹೋದರು.

ಸಾಮಾನಿನ ವಿಷಯಕ್ಕೆ ಬರೋಣ. ತಲಾ 23 ಕಿಲೋದ ಎರಡು ಪೆಟ್ಟಿಗೆಗೆ ಅವಕಾಶ. ಗೂಡು ತೂಗುವ ತಕ್ಕಡಿಯನ್ನೇ ಹಜಾರಕ್ಕೆ ತಂದು ಪೆಟ್ಟಿಗೆ ಏರಿಸಿದರು. ರಾಗಿಹಿಟ್ಟು, ಹುಚ್ಚೆಳ್ಳು ಪುಡಿ, ಹುರುಳಿಕಾಳು, ಉಪ್ಸಾರಿನ ಖಾರ, ಕುಕ್ಕರು. ತೂಕ ಎರಡು ಕಿಲೋ ಹೆಚ್ಚು ಬಂತು. ಗೌಡ್ರು ಹಿಟ್ಟು ತೆಗೆ ಅಂದರು, ಹೆಂಡತಿ ಪುಸ್ತಕ ತೆಗೆದರು. ಓದಲು ಹೋಗುವವನ ಪೆಟ್ಟಿಗೆಯಿಂದ ಪುಸ್ತಕ ಹೊರಗೆ ಬಂದದ್ದಕ್ಕೆ ಯಾರೂ ಬೇಸರಪಡಲಿಲ್ಲ. ಈಗ ಅವನು ಟೆಕ್ಸಾಸಿನಲ್ಲಿ ಮೈಕ್ರೋವೇವಿನಲ್ಲಿ ಮುದ್ದೆ ಕಟ್ಟುತ್ತಾನೆ. ಅಮ್ಮನಿಗೆ ಫೋಟೋ ಕಳಿಸಿದ್ದ. "ಗಂಟು ಕಟ್ಟೈತೆ" ಅಂತ ಒಂದೇ ಮಾತಿನಲ್ಲಿ ತೀರ್ಪು ಬಂತು.

ಹುಡುಗ ಹೋದ ಮೇಲೆ ಮನೆಯ ಹೊತ್ತೇ ಬದಲಾಯಿತು. ಟೆಕ್ಸಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮಾರ್ಚಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟು, ನವೆಂಬರಿನಲ್ಲಿ ಹಿಂದಕ್ಕೆ ಇಡುತ್ತಾರೆ ಅಂತ ಗೌಡ್ರು ಹುಳುಮನೆಯ ಮುಂದೆ ವಿವರಿಸಿದಾಗ ಕೂಲಿಯವನು ಕೇಳಿದ: "ಹಂಗಾದ್ರೆ ಅಲ್ಲಿ ಹುಳಕ್ಕೆ ಸೊಪ್ಪು ಯಾವ ಟೈಮಿಗಣ್ಣ ಹಾಕ್ತಾರೆ?" ಈ ಪ್ರಶ್ನೆಗೆ ಅಮೆರಿಕಾ ಸರ್ಕಾರದ ಹತ್ತಿರವೂ ಉತ್ತರವಿರಲಾರದು. ಗೌಡ್ರು ಮಾತ್ರ ರಾತ್ರಿ ಹತ್ತಕ್ಕೆ ಕೊನೇ ಸೊಪ್ಪು ಹಾಕಿ ವಿಡಿಯೋ ಕಾಲ್ ಮಾಡುತ್ತಾರೆ. ಆ ಕಡೆ ಹಗಲು ಹನ್ನೊಂದೂವರೆ, ಮಗ ಆಗತಾನೇ ಹಲ್ಲುಜ್ಜುತ್ತಿರುತ್ತಾನೆ.

ಅಲ್ಲಿ ಅವನ ಜೊತೆ ಇರುವವರು ಗುಂಟೂರಿನವರು, ನೆಲ್ಲೂರಿನವರು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾಮೂಲಿ. ಹಾಗಾಗಿ ಅಮೆರಿಕಾಗೆ ಹೋದ ವರ್ಷದಲ್ಲಿ ಹುಡುಗನಲ್ಲಿ ಸುಧಾರಿಸಿದ ಭಾಷೆ ತೆಲುಗು. ಇಂಗ್ಲಿಷು ಇದ್ದಲ್ಲೇ ಇದೆ.

ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನೊಳಗೆ ಕೆಲಸ ಮಾಡಬಹುದು. "ಯೂನಿವರ್ಸಿಟಿಯಲ್ಲೇ ಕೆಲ್ಸ, ಫುಡ್ ಡಿಪಾರ್ಟ್‌ಮೆಂಟು" ಅನ್ನುತ್ತಾರೆ ಗೌಡ್ರು. ಊಟ ಮಾಡಿದ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತಿದ್ದ ಮಗ ಆ ಡಿಪಾರ್ಟ್‌ಮೆಂಟಿನಲ್ಲಿ ಏನು ಮಾಡುತ್ತಾನೆ ಅನ್ನುವುದು ಅವನ ಅಮ್ಮನಿಗೆ ಗೊತ್ತು. ಹೊರಗೆ ಹೇಳುವುದಿಲ್ಲ. ಮಗಳ ಜಾತಕ ಹಿಡಿದು ಬರುವವರ ಮುಂದೆಯಂತೂ ಇಲ್ಲವೇ ಇಲ್ಲ.

ಮೊದಲೆಲ್ಲ ಗೌಡ್ರು ಬೆಳಿಗ್ಗೆ ಎದ್ದು ಕೇಳುತ್ತಿದ್ದದ್ದು ಶಿಡ್ಲಘಟ್ಟ ಮಾರುಕಟ್ಟೆಯ ಗೂಡಿನ ರೇಟು. ಈಗ ಡಾಲರಿನ ರೇಟು. 85 ರೂಪಾಯಿ ಇದ್ದಾಗ ಮೊದಲ ಫೀಸು ಕಟ್ಟಿದ್ದರು, 2025ರ ಡಿಸೆಂಬರಿನಲ್ಲಿ ಅದು 90 ದಾಟಿತು. ಗೂಡಿನ ಬೆಲೆ ಬಿದ್ದರೆ ರೀಲರುಗಳನ್ನು ಬೈಯಬಹುದು. ಡಾಲರು ಏರಿದರೆ ಬೈಯಲು ಮೇಲೂರಿನಲ್ಲಿ ಯಾರೂ ಸಿಗುವುದಿಲ್ಲ.

ಅವರ ಮೆಚ್ಚಿನ ಅಧ್ಯಾಯ ಎಚ್-1ಬಿ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಬೇಕಾದ ವೀಸಾ. ವರ್ಷಕ್ಕೆ 85,000 ವೀಸಾ, ಕೇಳುವವರು ಅದರ ಎಷ್ಟೋ ಪಟ್ಟು, ಹೆಸರು ಎತ್ತುವುದು ಲಾಟರಿಯಲ್ಲಿ. "ನಮ್ ಸರ್ಕಾರದೋರು 2007ರಾಗೇ ಲಾಟ್ರಿ ನಿಲ್ಸಿದ್ರು ಕಣಪ್ಪ. ಅವ್ರು ಇನ್ನೂ ನಡೆಸ್ತಾವ್ರೆ, ಅದೂ ಇಂಜಿನಿಯರುಗಳ್ ಮೇಲೆ!" 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹೇರಿದ ರಾತ್ರಿ ಗೌಡ್ರು ಮಲಗಲಿಲ್ಲ. ಮರುದಿನ ಟೀ ಅಂಗಡಿಯಲ್ಲಿ ಯಾರೋ ಸಮಾಧಾನ ಹೇಳಿದರು: "ಬುಡಣ್ಣ, ಮುದ್ದೇನಹಳ್ಳಿ ವಿಶ್ವೇಶ್ವರಯ್ಯನೋರು ಪುಣೆಗೋಗಿ ಓದ್ಬುಟ್ಟು ವಾಪಸ್ ಬಂದು ಕಟ್ಟೆ ಕಟ್ಟಲಿಲ್ವಾ?" ಗೌಡ್ರು ಲೋಟ ಕೆಳಗಿಟ್ಟರು. "ಅವ್ರ್ ಕಾಲ್ದಾಗೆ ಪುಣೆಗೆ ಸೆವಿಸ್ ಇರ್ಲಿಲ್ಲ."

ಈಗ ಅವರದೇ ಪಾಸ್‌ಪೋರ್ಟ್ ಬಂದಿದೆ. ಮೇ ತಿಂಗಳಲ್ಲಿ ಮಗನ ಪದವಿ ಪ್ರದಾನ, ಗೌನು ಹಾಕಿ ಟೋಪಿ ಎಸೆಯುವುದನ್ನು ಕಣ್ಣಾರೆ ನೋಡಬೇಕಂತೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಆವಾಗ ಹುಳ ಗೂಡು ಕಟ್ಟೋಕೆ ಚಂದ್ರಿಕೆಗೆ ಹಾಕೋರ್ಯಾರು?" ಉತ್ತರ ಇನ್ನೂ ಬಂದಿಲ್ಲ.

ವಿಜಯಪುರ ರಸ್ತೆಯಲ್ಲಿ ಹೋಗುವವರು ಮೇಲೂರಿನಲ್ಲಿ ಇಳಿದು ಟೀ ಕುಡಿಯಿರಿ. ಗೌಡ್ರು ಸಿಕ್ಕರೆ ಮಗ ಹೇಗಿದ್ದಾನೆ ಅಂತ ಕೇಳಲೂಬಹುದು, ಅವರಿಗೆ ಸಂತೋಷವಾಗುತ್ತದೆ. ಆದರೆ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆಯಾದರೂ ಇರುವಾಗ ಕೇಳಿ.